ಒಂದೇ ಕಂಪನಿ, ಏಳು ಬಗೆಯ ಹಡಗು: ಕ್ರೂಸ್ ಟಿಕೆಟ್ ಕೊಳ್ಳುವ ಮೊದಲು ವರ್ಗ ನೋಡುವುದು ಹೇಗೆ

ಚಿಕ್ಕಮಗಳೂರು, ಹಾಸನದ ಕಡೆಯ ಮದುವೆ ಮನೆಗಳಲ್ಲಿ ಈಗ ಕ್ರೂಸ್ ಪ್ರವಾಸದ ಮಾತು ಹೊಸದಲ್ಲ. ಸಿಂಗಪುರಕ್ಕೆ ಹೋದವರು ಮೂರು ನಾಲ್ಕು ರಾತ್ರಿ ಹಡಗಿನಲ್ಲಿ ಕಳೆದು ಬರುತ್ತಾರೆ. ಮಕ್ಕಳು ಅಮೆರಿಕದಲ್ಲಿರುವ ಹಿರಿಯರು ಫ್ಲೋರಿಡಾದಿಂದ ಹೊರಟು ಕೆರಿಬಿಯನ್ ದ್ವೀಪಗಳನ್ನು ನೋಡಿ ಬರುತ್ತಾರೆ. ಬಂದವರಲ್ಲಿ ಒಬ್ಬರು ಹೊಗಳಿ ಮುಗಿಸುವುದಿಲ್ಲ, ಇನ್ನೊಬ್ಬರು “ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ” ಎನ್ನುತ್ತಾರೆ. ವಿಚಾರಿಸಿದರೆ ಇಬ್ಬರೂ ಹೋಗಿದ್ದು ಒಂದೇ ಕಂಪನಿಯ ಹಡಗಿನಲ್ಲಿ. ಇಬ್ಬರ ಮಾತೂ ನಿಜ. ಅವರು ಹತ್ತಿದ ಹಡಗುಗಳ ವರ್ಗ ಬೇರೆ ಬೇರೆ.

ಹಾಸನದ ಬಸ್ ನಿಲ್ದಾಣದಲ್ಲಿ ಕೆಂಪು ಬಸ್ಸು, ರಾಜಹಂಸ, ಐರಾವತ ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ಮೂರೂ ಒಂದೇ ನಿಗಮದವು. ಆದರೂ ಬೆಂಗಳೂರಿಗೆ ಹೊರಟವರು ಯಾವುದನ್ನು ಹತ್ತುತ್ತಿದ್ದೇವೆ ಎಂದು ನೋಡಿಕೊಂಡೇ ಹತ್ತುತ್ತಾರೆ. ಹಡಗಿನ ವಿಷಯದಲ್ಲಿ ಮಾತ್ರ ಲಕ್ಷಗಟ್ಟಲೆ ಹಣ ಕೊಡುವವರೂ ಕಂಪನಿಯ ಹೆಸರು ಕೇಳಿ ಸಮಾಧಾನಪಟ್ಟುಕೊಳ್ಳುತ್ತಾರೆ. ಏಜೆಂಟರು ಕೊಡುವ ಕರಪತ್ರದಲ್ಲಿ ಕಂಪನಿಯ ಅತಿ ಹೊಸ ಹಡಗಿನ ಜಾರುಬಂಡೆಗಳ ಚಿತ್ರ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಹಡಗು ಇಪ್ಪತ್ತು ವರ್ಷ ಹಳೆಯದಾಗಿರುತ್ತದೆ. ಹಳೆಯದು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಕೆಲವರಿಗೆ ಅದೇ ಸರಿಹೊಂದುತ್ತದೆ. ಆದರೆ ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಹಣ ಕಟ್ಟುವ ಮೊದಲೇ ಗೊತ್ತಿರಬೇಕು.

ಇಲ್ಲಿ ಉದಾಹರಣೆಗೆ ರಾಯಲ್ ಕೆರಿಬಿಯನ್ ಕಂಪನಿಯನ್ನು ತೆಗೆದುಕೊಂಡಿದ್ದೇನೆ. ನಮ್ಮ ಕಡೆಯವರು ಹೆಚ್ಚಾಗಿ ಹತ್ತುವುದು ಅದರ ಹಡಗುಗಳನ್ನು. ಅದರ ವರ್ಗಗಳ ನಡುವಿನ ವ್ಯತ್ಯಾಸವೂ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಕ್ರಮ ತಿಳಿದರೆ ಎಂ.ಎಸ್.ಸಿ., ಕಾರ್ನಿವಲ್, ಸೆಲೆಬ್ರಿಟಿಯಂಥ ಬೇರೆ ಕ್ರೂಸ್ ಕಂಪನಿ ಯಾವುದಕ್ಕಾದರೂ ಇದನ್ನೇ ಬಳಸಬಹುದು.

ವರ್ಗ ಎಲ್ಲಿಂದ ಬರುತ್ತದೆ

ದೊಡ್ಡ ಹಡಗಿನ ನಕ್ಷೆ ತಯಾರಿಸುವುದಕ್ಕೆ ವರ್ಷಗಳು ಬೇಕು. ಹಾಗಾಗಿ ಒಂದು ನಕ್ಷೆ ಸಿದ್ಧವಾದ ಮೇಲೆ ಅದರ ಮೇಲೆಯೇ ಮೂರು, ನಾಲ್ಕು, ಐದು ಹಡಗುಗಳನ್ನು ಕಟ್ಟಿಸುತ್ತಾರೆ. ಆ ಗುಂಪೇ ಒಂದು ವರ್ಗ. ಸಾಮಾನ್ಯವಾಗಿ ಗುಂಪಿನ ಮೊದಲ ಹಡಗಿನ ಹೆಸರೇ ವರ್ಗಕ್ಕೂ ನಿಲ್ಲುತ್ತದೆ: ವೊಯೇಜರ್ ಆಫ್ ದ ಸೀಸ್ ಮೊದಲು ಬಂದಿತು, ಆದ್ದರಿಂದ ಅದು ವೊಯೇಜರ್ ವರ್ಗ. ಈ ಕಂಪನಿಯ ಎಲ್ಲ ಹಡಗುಗಳ ಹೆಸರೂ ‘ಆಫ್ ದ ಸೀಸ್’ ಎಂದೇ ಮುಗಿಯುತ್ತದೆ. ಅದರಿಂದ ಕೇಳುವವರಿಗೆ ಎಲ್ಲವೂ ಒಂದೇ ಎನಿಸುವುದು ಸಹಜ. ಆದರೆ ಗ್ರ್ಯಾಂಡಿಯರ್ ಆಫ್ ದ ಸೀಸ್ ನೀರಿಗಿಳಿದು 1996ರಲ್ಲಿ ಸೇವೆಗೆ ಬಂದದ್ದು, ಸ್ಟಾರ್ ಆಫ್ ದ ಸೀಸ್ ಬಂದದ್ದು 2025ರಲ್ಲಿ. ಎರಡರ ನಡುವೆ ಮೂರು ದಶಕಗಳ ಅಂತರವಿದೆ.

ಮೊದಲ ಹೆಜ್ಜೆ: ಹೋಗುವವರು ಯಾರು, ಯಾವ ತಿಂಗಳು

ಹಡಗಿನ ಪಟ್ಟಿ ತೆರೆಯುವ ಮೊದಲು ಮನೆಯವರ ಪಟ್ಟಿ ಬರೆದುಕೊಳ್ಳಿ. ಸಕಲೇಶಪುರದ ಒಂದು ಕುಟುಂಬ ಎಂದುಕೊಳ್ಳೋಣ: ಮಂಡಿನೋವಿರುವ ಅಜ್ಜಿ, ಗಂಡ ಹೆಂಡತಿ, ಹತ್ತು ಮತ್ತು ಹದಿನಾಲ್ಕು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಮದುವೆಯಾಗದ ಚಿಕ್ಕಪ್ಪ. ಶಿರಾಡಿ ಘಾಟಿಯಲ್ಲಿ ಕಾರು ಇಳಿಯುವಾಗಲೇ ವಾಂತಿ ಮಾಡಿಕೊಳ್ಳುವವರು ಇವರಲ್ಲಿ ಯಾರು? ಈರುಳ್ಳಿ, ಬೆಳ್ಳುಳ್ಳಿ ಬೇಡ ಎನ್ನುವವರು ಯಾರು? ರಾತ್ರಿ ಒಂಬತ್ತಕ್ಕೆ ಮಲಗುವವರು, ಹನ್ನೆರಡರವರೆಗೂ ಕೂರುವವರು ಯಾರು? ಇವನ್ನೆಲ್ಲ ಬರೆಯಿರಿ. ಆರು ತಿಂಗಳು ತುಂಬದ ಕೂಸನ್ನು ಈ ಕಂಪನಿ ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. 24 ವಾರಕ್ಕೆ ಕಾಲಿಟ್ಟ ಗರ್ಭಿಣಿಯರಿಗೂ ಅವಕಾಶವಿಲ್ಲ. ಇವು ಎಲ್ಲ ವರ್ಗಕ್ಕೂ ಒಂದೇ ನಿಯಮ.

ತಿಂಗಳ ಲೆಕ್ಕ ತೋಟದವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗಿರುತ್ತದೆ, ಅದು ಮುಗಿದರೆ ಸ್ಪ್ರಿಂಕ್ಲರ್ ಹಾಕಿ ಹೂವು ಬರಿಸುವ ಕೆಲಸ. ಹೀಗಾಗಿ ಬಿಡುವು ಸಿಗುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅದೇ ಕಾಲ, ಅದಕ್ಕೆ ಸಿಂಗಪುರ ಅನುಕೂಲ. ಮಕ್ಕಳ ಓದು ಮುಗಿದ ಮನೆಯವರು ಮಳೆಗಾಲದಲ್ಲಿ ಹೊರಡಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮೆಡಿಟರೇನಿಯನ್ ಮತ್ತು ಅಲಾಸ್ಕಾ ಎರಡೂ ಕಡೆ ಹಡಗುಗಳ ಹಂಗಾಮು. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ ಎಂಬುದು ನೆನಪಿರಲಿ.

ಎರಡನೆಯ ಹೆಜ್ಜೆ: ಒಂದು ಹಾಳೆ, ಏಳು ಸಾಲು

ಈಗ ಕಾಗದ ತೆಗೆದುಕೊಂಡು ವರ್ಗಗಳನ್ನು ಒಂದರ ಕೆಳಗೊಂದು ಬರೆಯಿರಿ. ಸೇವೆಗೆ ಬಂದ ವರ್ಷ, ಗ್ರಾಸ್ ಟನೇಜ್, ಕೋಣೆಗೆ ಇಬ್ಬರಂತೆ ಪ್ರಯಾಣಿಕರ ಸಂಖ್ಯೆ, ಗರಿಷ್ಠ ಸಂಖ್ಯೆ ಎಂಬ ನಾಲ್ಕು ಕಾಲಂ ಸಾಕು.

ವಿಷನ್ ವರ್ಗ 1995ರಿಂದ 1998ರ ನಡುವೆ ಬಂದ ಹಡಗುಗಳದ್ದು. ಟನೇಜ್ 70 ರಿಂದ 80 ಸಾವಿರದ ಆಸುಪಾಸು, ಪ್ರಯಾಣಿಕರು ಸುಮಾರು 2,000. ರೇಡಿಯನ್ಸ್ ವರ್ಗದ ನಾಲ್ಕು ಹಡಗುಗಳು 2001ರಿಂದ 2004ರವರೆಗೆ ಬಂದವು: 90 ಸಾವಿರ ಟನೇಜ್, 2,100ಕ್ಕೂ ಸ್ವಲ್ಪ ಹೆಚ್ಚು ಜನ. ವೊಯೇಜರ್ ವರ್ಗ 1999ರಿಂದ 2003ರ ಐದು ಹಡಗುಗಳದ್ದು, 1,38,000 ಟನೇಜ್, ಕಟ್ಟಿದಾಗ 3,100 ಚಿಲ್ಲರೆ ಜನ. ಅದನ್ನೇ ಉದ್ದ ಮಾಡಿದ್ದು ಫ್ರೀಡಂ ವರ್ಗ, 2006ರಿಂದ 2008, 1,55,000 ಟನೇಜಿನ ಹತ್ತಿರ. ಓಯಸಿಸ್ ವರ್ಗ 2009ರಲ್ಲಿ ಆರಂಭವಾಗಿ 2024ರ ಯುಟೋಪಿಯಾ ತನಕ ಆರು ಹಡಗುಗಳನ್ನು ಕಂಡಿದೆ: 2,25,000 ಟನೇಜ್ ಮತ್ತು ಮೇಲ್ಪಟ್ಟು, 5,400 ಜನ ಮತ್ತು ಮೇಲ್ಪಟ್ಟು. ಕ್ವಾಂಟಮ್ ವರ್ಗ 2014ರಲ್ಲಿ ಬಂದಿತು: 1,68,000 ಟನೇಜ್, 4,180 ಜನ. ಇದೇ ನಕ್ಷೆಯನ್ನು ತಿದ್ದಿ ಕಟ್ಟಿದ ಸ್ಪೆಕ್ಟ್ರಮ್ (2019) ಮತ್ತು ಒಡಿಸ್ಸಿ (2021) ಹಡಗುಗಳನ್ನು ಕ್ವಾಂಟಮ್ ಅಲ್ಟ್ರಾ ಎನ್ನುತ್ತಾರೆ. ಕೊನೆಯದು ಐಕಾನ್ ವರ್ಗ. 2024ರ ಜನವರಿಯಲ್ಲಿ ಬಂದ ಐಕಾನ್ ಆಫ್ ದ ಸೀಸ್ 365 ಮೀಟರ್ ಉದ್ದ, 20 ಡೆಕ್ (ಮಹಡಿ), 2,48,663 ಟನೇಜ್. ಕೋಣೆಗೆ ಇಬ್ಬರಂತೆ 5,610 ಜನ, ಗರಿಷ್ಠ 7,600.

ಟನೇಜ್ ಎಂದರೆ ಹಡಗಿನ ತೂಕ ಎಂದು ಅನೇಕರು ಭಾವಿಸುತ್ತಾರೆ, ಪತ್ರಿಕೆಗಳೂ ಹಾಗೆ ಬರೆಯುವುದುಂಟು. ಅದು ತೂಕವಲ್ಲ. ಹಡಗಿನೊಳಗಿನ ಮುಚ್ಚಿದ ಜಾಗವೆಲ್ಲವನ್ನೂ ಅಳೆದು, 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರಕ್ಕೆ ಹಾಕಿ ತೆಗೆದ ಅಂಕಿ. ನಮಗೆ ಬೇಕಾದದ್ದೂ ಅದೇ: ಒಳಗೆ ಜಾಗ ಎಷ್ಟಿದೆ?

ಮೂರನೆಯ ಹೆಜ್ಜೆ: ತಲೆಗೆ ಎಷ್ಟು ಜಾಗ

ಟನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಬರುವ ಅಂಕಿ ದೊಡ್ಡದಾದಷ್ಟೂ ತಲೆಗೆ ಸಿಗುವ ಜಾಗ ಹೆಚ್ಚು. ವಿಷನ್ ವರ್ಗದ ಗ್ರ್ಯಾಂಡಿಯರ್‌ಗೆ 37 ಬರುತ್ತದೆ. ರೇಡಿಯನ್ಸ್‌ಗೆ 42. ವೊಯೇಜರ್‌ಗೆ ಕಟ್ಟಿದಾಗಿನ ಲೆಕ್ಕದಲ್ಲಿ 44. ಕ್ವಾಂಟಮ್‌ಗೆ 40, ಓಯಸಿಸ್‌ಗೆ ಸುಮಾರು 42, ಐಕಾನ್‌ಗೆ 44. ಹಡಗು ಮೂರು ಪಟ್ಟು ದೊಡ್ಡದಾದರೂ ಜನರೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಹೆಚ್ಚಿದ್ದಾರೆ ಎಂಬುದು ಇದರಿಂದ ಕಾಣುತ್ತದೆ. ದೊಡ್ಡ ಹಡಗು ಎಂದರೆ ನಿರಾಳ ಎಂದುಕೊಂಡವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಆದರೆ ಇಷ್ಟಕ್ಕೆ ನಿಲ್ಲಬೇಡಿ. ನಮ್ಮವರು ಹೊರಡುವುದು ರಜೆಯಲ್ಲಿ. ರಜೆಯ ದಿನಗಳಲ್ಲಿ ಕೋಣೆಗೆ ಇಬ್ಬರ ಬದಲು ಮೂವರು, ನಾಲ್ವರು ಇರುತ್ತಾರೆ. ಸೋಫಾ ಮಂಚವಾಗುತ್ತದೆ, ಚಾವಣಿಯಿಂದ ಇನ್ನೊಂದು ಮಂಚ ಇಳಿಯುತ್ತದೆ. ಅದಕ್ಕೆ ಗರಿಷ್ಠ ಸಂಖ್ಯೆಯಿಂದ ಮತ್ತೊಮ್ಮೆ ಭಾಗಿಸಿ. ಐಕಾನ್‌ನ 44 ಇಳಿದು 33ಕ್ಕೆ ಬಂದು ನಿಲ್ಲುತ್ತದೆ. 4,900ರಷ್ಟು ಜನ ಹಿಡಿಯುವ ಕ್ವಾಂಟಮ್ 40ರಿಂದ 34ಕ್ಕೆ ಇಳಿಯುತ್ತದೆ. ಗರಿಷ್ಠ 2,500ರ ಒಳಗೇ ಇರುವ ರೇಡಿಯನ್ಸ್ 42ರಿಂದ 36ಕ್ಕೆ ಇಳಿದು ನಿಲ್ಲುತ್ತದೆ. ಐಕಾನ್ ಸಂಸಾರಸ್ಥರಿಗೆಂದೇ ಕಟ್ಟಿದ ಹಡಗು. ಮಕ್ಕಳನ್ನು ಮಲಗಿಸುವ ಹೆಚ್ಚುವರಿ ಮಂಚಗಳು ಅದರಲ್ಲಿ ಬಹಳ. ಶಾಲೆಗಳು ನಡೆಯುತ್ತಿರುವ ದಿನಗಳಲ್ಲಿ ಅದರಲ್ಲಿ ಹೋದವರ ಅನುಭವವೂ ಕ್ರಿಸ್‌ಮಸ್ ರಜೆಯಲ್ಲಿ ಹೋದವರ ಅನುಭವವೂ ಒಂದೇ ಆಗಿರಲು ಸಾಧ್ಯವಿಲ್ಲ. ಎರಡೂ ಅಂಕಿಗಳನ್ನು ಹಾಳೆಯಲ್ಲಿ ಬರೆದುಕೊಂಡು, ನೀವು ಹೋಗುವ ತಿಂಗಳಿಗೆ ಯಾವುದು ಸಲ್ಲುತ್ತದೆಯೋ ಅದನ್ನೇ ನಂಬಿ. ಸಿಂಗಪುರದ ಹಡಗಾದರೆ ನಮ್ಮ ರಜೆಯ ಜೊತೆಗೆ ಅಲ್ಲಿನ ಶಾಲೆಗಳ ಜೂನ್ ಮತ್ತು ಡಿಸೆಂಬರ್ ರಜೆಯನ್ನೂ ಗಮನಿಸಬೇಕು.

ನಾಲ್ಕನೆಯ ಹೆಜ್ಜೆ: ಆ ಜಾಗವನ್ನು ಎಲ್ಲಿ ಖರ್ಚು ಮಾಡಿದ್ದಾರೆ

ಇಲ್ಲಿ ಅವಸರ ಬೇಡ. ಒಂದೇ ಅಂಕಿ ಬಂದ ಎರಡು ವರ್ಗಗಳ ಒಳಾಂಗಣ ಪೂರ್ತಿ ಬೇರೆಯಾಗಿರಬಹುದು.

ರೇಡಿಯನ್ಸ್ ವರ್ಗದವರು ಜಾಗವನ್ನು ಗಾಜಿಗೆ ಕೊಟ್ಟಿದ್ದಾರೆ. ಲಿಫ್ಟ್‌ಗಳ ಗೋಡೆಯೂ ಗಾಜು, ಅದೂ ಸಮುದ್ರದ ಕಡೆಗೆ. ಮೇಲೆ ಏರುತ್ತಾ ಇಳಿಯುತ್ತಾ ನೀರು ಕಾಣುತ್ತಿರುತ್ತದೆ. ಹಡಗು ವಾಲಿದರೂ ತಾನು ಸಮತಟ್ಟಾಗಿಯೇ ನಿಲ್ಲುವ ಬಿಲಿಯರ್ಡ್ಸ್ ಮೇಜು ಈ ವರ್ಗದಲ್ಲಿದೆ. ಸುಮ್ಮನೆ ಕುಳಿತು ನೋಡುತ್ತಿದ್ದರೂ ಹೊತ್ತು ಹೋಗುತ್ತದೆ: ಹಡಗು ಮೆಲ್ಲನೆ ಒಂದು ಕಡೆಗೆ ಸರಿಯುತ್ತದೆ, ಮೇಜಿನ ಅಡಿಯ ಯಂತ್ರ ಅದಕ್ಕೆ ಎದುರಾಗಿ ತಿರುಗುತ್ತದೆ, ಚೆಂಡು ಇದ್ದಲ್ಲೇ ಇರುತ್ತದೆ. ಇಲ್ಲಿ ಮಂಜುಗಡ್ಡೆಯ ರಂಗವಿಲ್ಲ, ಹಡಗಿನೊಳಗಿನ ಬೀದಿಯೂ ಇಲ್ಲ. ಗದ್ದಲ ಬೇಡ, ಸಮುದ್ರ ಬೇಕು ಎನ್ನುವ ಗಂಡ ಹೆಂಡತಿಗೆ ಈ ಇಡೀ ಪಡೆಯಲ್ಲಿ ಇದಕ್ಕಿಂತ ಒಳ್ಳೆಯ ವರ್ಗ ಇಲ್ಲವೆಂದೇ ನನ್ನ ಅಭಿಪ್ರಾಯ. 2023ರ ಡಿಸೆಂಬರ್‌ನಿಂದ 274 ರಾತ್ರಿಗಳ ವಿಶ್ವ ಪರ್ಯಟನೆಗೆ ಕಂಪನಿ ಆರಿಸಿಕೊಂಡದ್ದೂ ಇದೇ ವರ್ಗದ ಸೆರೆನೇಡ್ ಆಫ್ ದ ಸೀಸ್ ಹಡಗನ್ನು.

ವೊಯೇಜರ್ ವರ್ಗದಲ್ಲಿ ನಕ್ಷೆಯೇ ಬದಲಾಯಿತು. ಹಡಗಿನ ಹೊಟ್ಟೆಯೊಳಗೆ ನಾಲ್ಕು ಮಹಡಿ ಎತ್ತರದ ಬೀದಿ, ಎರಡೂ ಬದಿಗೆ ಅಂಗಡಿ, ಕಾಫಿ ಮಳಿಗೆ. ಸಮುದ್ರದ ಮೇಲೆ ಮೊದಲ ಐಸ್ ಸ್ಕೇಟಿಂಗ್ ರಂಗ ಬಂದದ್ದೂ 1999ರ ಈ ಹಡಗಿನಲ್ಲೇ. ಕೋಣೆ ಕೊಳ್ಳುವಾಗ ಇಲ್ಲೊಂದು ಎಚ್ಚರಿಕೆ ಬೇಕು: ‘ಪ್ರೊಮೆನೇಡ್ ನೋಟ’ ಎಂಬ ಕೋಣೆಯ ಕಿಟಕಿ ತೆರೆದುಕೊಳ್ಳುವುದು ಈ ಒಳಬೀದಿಯ ಕಡೆಗೆ. ಜನರ ಓಡಾಟ ನೋಡಲು ಚೆನ್ನ, ಆದರೆ ಸಮುದ್ರ ಕಾಣುವುದಿಲ್ಲ. ಫ್ರೀಡಂ ವರ್ಗ ಇದರದೇ ದೊಡ್ಡಣ್ಣ, ಅಲೆಯ ಮೇಲೆ ಹಲಗೆ ಹಿಡಿದು ನಿಲ್ಲುವ ಆಟ ಅದರಲ್ಲಿ ಮೊದಲು ಬಂತು.

ಓಯಸಿಸ್ ವರ್ಗದವರು ಹಡಗಿನ ನಡುವೆಯೇ ಆಕಾಶಕ್ಕೆ ತೆರೆದ ಅಂಗಳ ಬಿಟ್ಟಿದ್ದಾರೆ. ಅಲ್ಲಿರುವ ಸೆಂಟ್ರಲ್ ಪಾರ್ಕ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನಿಜವಾದ ಗಿಡಗಳಿವೆ. ನೆರಳು, ಕಸಿ, ನೀರು ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವ ಮೂಡಿಗೆರೆ, ಕೊಪ್ಪದ ಬೆಳೆಗಾರರು ಅಲ್ಲಿ ಒಂದು ಸಂಜೆ ಕಳೆದರೆ ಬೇಸರವಾಗಲಿಕ್ಕಿಲ್ಲ; ಉಪ್ಪುಗಾಳಿಯ ನಡುವೆ ಗಿಡ ಉಳಿಸುವುದು ಸಾಮಾನ್ಯ ಕೆಲಸವಲ್ಲ. ಹಿಂಭಾಗದಲ್ಲಿ ನೀರಿನ ರಂಗಮಂದಿರವಿದೆ, ಐಸ್ ರಂಗವಿದೆ. ಇಲ್ಲೂ ಒಳ ಅಂಗಳಕ್ಕೆ ತೆರೆದ ಬಾಲ್ಕನಿಗಳಿವೆ. ಬಾಲ್ಕನಿ ಎಂಬ ಪದ ಕೇಳಿ ಹಣ ಕಟ್ಟಿದವರು ಬಾಗಿಲು ತೆರೆದಾಗ ಎದುರಿಗೆ ಇನ್ನೊಬ್ಬರ ಬಾಲ್ಕನಿ ಕಾಣುತ್ತದೆ. ‘ಸಮುದ್ರ ನೋಟದ ಬಾಲ್ಕನಿ’ ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಕ್ವಾಂಟಮ್ ವರ್ಗ ಚಳಿ ಮಳೆಯ ಸಮುದ್ರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಇದರ ಆಟಗಳಲ್ಲಿ ಬಹುಪಾಲು ಸೂರಿನಡಿಯಲ್ಲಿವೆ: ಡಿಕ್ಕಿ ಕಾರು, ಬ್ಯಾಸ್ಕೆಟ್‌ಬಾಲ್, ಮುಚ್ಚಿದ ಈಜುಕೊಳ. ಗಾಳಿಯ ಕೊಳವೆಯಲ್ಲಿ ತೇಲುವ ಆಟವಿದೆ. ನಾರ್ತ್ ಸ್ಟಾರ್ ಎಂಬ ಗಾಜಿನ ಗೋಳ ಉದ್ದನೆಯ ತೋಳಿನ ತುದಿಯಲ್ಲಿ ಸಮುದ್ರ ಮಟ್ಟದಿಂದ 90 ಮೀಟರ್ ಎತ್ತರಕ್ಕೆ ಜನರನ್ನು ಒಯ್ಯುತ್ತದೆ. ಗಾಳಿ ಜೋರಾದರೆ ಅದನ್ನು ನಿಲ್ಲಿಸುತ್ತಾರೆ. ಆದ್ದರಿಂದ ಹಡಗು ಹತ್ತಿದ ಮೊದಲ ದಿನವೇ ಸಮಯ ಕಾಯ್ದಿರಿಸುವುದು ಒಳ್ಳೆಯದು. ಐಸ್ ರಂಗ ಇಲ್ಲಿಲ್ಲ. ಕಿಟಕಿಯೇ ಇಲ್ಲದ ಒಳಕೋಣೆಗಳಲ್ಲಿ ನೆಲದಿಂದ ಚಾವಣಿವರೆಗಿನ ಪರದೆಯ ಮೇಲೆ ಹೊರಗಿನ ಸಮುದ್ರದ ನೇರ ದೃಶ್ಯ ತೋರಿಸುತ್ತಾರೆ. ಅದೊಂದು ದೊಡ್ಡ ಅನುಕೂಲ, ಅಗ್ಗದ ಕೋಣೆಯಲ್ಲೂ ಹಗಲು ರಾತ್ರಿಯ ಅರಿವಿರುತ್ತದೆ. ಇನ್ನೊಂದು ಸಂಗತಿ ನಮ್ಮ ಕೂಡು ಕುಟುಂಬಗಳಿಗೆ ಹೇಳಿ ಮಾಡಿಸಿದಂತಿದೆ: ಒಂದೇ ಮುಂಬಾಗಿಲಿನ ಒಳಗೆ ಮೂರು ಕೋಣೆಗಳು ಸೇರಿಕೊಂಡ ವ್ಯವಸ್ಥೆ ಈ ವರ್ಗದಲ್ಲಿದೆ. ಸಂಖ್ಯೆ ಕಡಿಮೆ, ಬೇಗ ಮುಗಿದುಹೋಗುತ್ತವೆ. ಅಜ್ಜಿಗೊಂದು, ಗಂಡ ಹೆಂಡತಿ ಮಕ್ಕಳಿಗೊಂದು, ಚಿಕ್ಕಪ್ಪನಿಗೊಂದು ಎಂದು ಹಂಚಿಕೊಂಡರೂ ಮುಂಬಾಗಿಲು ಒಂದೇ.

ಐಕಾನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕರಪತ್ರಗಳೇ ಹೇಳುತ್ತವೆ. ಆರು ಜಾರುಬಂಡೆ, ಏಳು ಈಜುಕೊಳ, ಚಿಕ್ಕ ಮಕ್ಕಳಿರುವವರಿಗೆ ಪ್ರತ್ಯೇಕ ಅಂಗಳ. ವಿಷನ್ ವರ್ಗದಲ್ಲಿ ಇಂಥವು ಯಾವುವೂ ಇಲ್ಲ, ಬಾಲ್ಕನಿ ಕೋಣೆಗಳೂ ಕಡಿಮೆ. ಊರು ನೋಡುವುದೇ ಮುಖ್ಯ, ಹಡಗು ಮಲಗಲಿಕ್ಕೆ ಸಾಕು ಎನ್ನುವವರಿಗೆ ಅದು.

ಮಕ್ಕಳ ಕ್ಲಬ್ ಎಲ್ಲ ವರ್ಗದಲ್ಲೂ ಇದೆ, ಮೂರು ವರ್ಷ ತುಂಬಿದವರಿಗೆ ಪ್ರವೇಶ. ಊಟದ ವಿಷಯದಲ್ಲಿ ವರ್ಗಕ್ಕಿಂತ ಹಡಗು ಎಲ್ಲಿಂದ ಹೊರಡುತ್ತದೆ ಎಂಬುದೇ ಮುಖ್ಯ. ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಭಾರತೀಯರು ಹೆಚ್ಚಿರುವುದರಿಂದ ಬಫೆಯಲ್ಲಿ ನಮ್ಮ ಕಡೆಯ ಸಸ್ಯಾಹಾರ ಸಿಗುತ್ತದೆ. ಅಲಾಸ್ಕಾ, ಯುರೋಪಿನ ಕಡೆ ಮುಖ್ಯ ಊಟದ ಕೋಣೆಯಲ್ಲಿ ಹಿಂದಿನ ದಿನವೇ ಹೇಳಿಟ್ಟರೆ ಮಾಡಿಕೊಡುತ್ತಾರೆ. ಜೈನ ಊಟವಾದರೆ ಟಿಕೆಟ್ ಕಾಯ್ದಿರಿಸುವಾಗಲೇ ಬರೆಸಿ. ಕಾಫಿಯ ನಾಡಿನವರಿಗೆ ಒಂದು ಮಾತು: ದರದಲ್ಲಿ ಸೇರಿರುವುದು ಸಾಮಾನ್ಯ ಯಂತ್ರದ ಕಾಫಿ, ಮಳಿಗೆಯಲ್ಲಿ ಕುಡಿಯುವ ಒಳ್ಳೆಯ ಕಾಫಿಗೆ ಬೇರೆ ಹಣ.

ಐದನೆಯ ಹೆಜ್ಜೆ: ನವೀಕರಣದ ವರ್ಷ

ಒಂದೇ ವರ್ಗದ ಹಡಗುಗಳೂ ಕಾಲ ಕಳೆದಂತೆ ಒಂದರಂತೆ ಇನ್ನೊಂದು ಉಳಿಯುವುದಿಲ್ಲ. 2005ರಲ್ಲಿ ವಿಷನ್ ವರ್ಗದ ಎನ್‌ಚಾಂಟ್‌ಮೆಂಟ್ ಆಫ್ ದ ಸೀಸ್ ಹಡಗನ್ನು ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆಯಲ್ಲಿ ನಿಲ್ಲಿಸಿ, ನಡುವೆ ಅಡ್ಡಕ್ಕೆ ಕತ್ತರಿಸಿ, 22 ಮೀಟರ್ ಉದ್ದದ ಹೊಸ ತುಂಡು ಸೇರಿಸಿ ಮತ್ತೆ ಬೆಸೆದರು. ಹೀಗೆ ಅದು ತನ್ನ ಅಕ್ಕತಂಗಿಯರಿಗಿಂತ ಉದ್ದವಾಯಿತು. ವೊಯೇಜರ್ ವರ್ಗದ ಹಲವು ಹಡಗುಗಳಿಗೆ ನವೀಕರಣದ ವೇಳೆ ಜಾರುಬಂಡೆಗಳ ಜೊತೆಗೆ ಹೊಸ ಕೋಣೆಗಳನ್ನೂ ಸೇರಿಸಿದ್ದಾರೆ. ಅಂದರೆ ಆಟ ಹೆಚ್ಚಿತು, ಮೊದಲಿದ್ದ 44 ಎಂಬ ಅಂಕಿ ಕಡಿಮೆಯಾಯಿತು. ಆದ್ದರಿಂದ ವರ್ಗ ಗೊತ್ತಾದ ಮೇಲೆ ಆ ನಿರ್ದಿಷ್ಟ ಹಡಗು ಕೊನೆಯ ಬಾರಿ ಯಾವ ವರ್ಷ ಡ್ರೈ ಡಾಕ್‌ಗೆ ಹೋಗಿತ್ತು, ಏನೇನು ಬದಲಾಯಿತು ಎಂದು ವಿಚಾರಿಸಿ. ಈಗಿನ ಪ್ರಯಾಣಿಕರ ಸಂಖ್ಯೆಯನ್ನೇ ಹಾಳೆಯಲ್ಲಿ ತಿದ್ದಿ. ಐದು ವರ್ಷದೊಳಗೆ ನವೀಕರಣವಾದ ಹಳೆಯ ಹಡಗು ಹತ್ತು ವರ್ಷ ಮುಟ್ಟದ ಹೊಸ ಹಡಗಿಗಿಂತ ಅಚ್ಚುಕಟ್ಟಾಗಿರಬಹುದು.

ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಯ ಕಡೆಗೆ 2021ರಿಂದ ಓಡುತ್ತಿರುವ, ಕಾರ್ಡೆಲಿಯಾ ಎಂಬ ಭಾರತದ ಕ್ರೂಸ್ ಕಂಪನಿಯ ಎಂಪ್ರೆಸ್ ಹಡಗೂ ಮೂಲದಲ್ಲಿ ರಾಯಲ್ ಕೆರಿಬಿಯನ್‌ದೇ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಬಂದಿತ್ತು, ಟನೇಜ್ 48,563. ಪಾಸ್‌ಪೋರ್ಟ್, ವೀಸಾ ತಲೆನೋವಿಲ್ಲದೆ ಎರಡು ಮೂರು ರಾತ್ರಿ ಸಮುದ್ರ ಹಿಡಿಸುತ್ತದೆಯೋ ಇಲ್ಲವೋ ನೋಡಬೇಕೆನ್ನುವವರು ಇದರಿಂದ ಆರಂಭಿಸಬಹುದು. ಆದರೆ ಇದನ್ನು ನೋಡಿ ಐಕಾನ್ ಹೇಗಿರುತ್ತದೆ ಎಂದು ಊಹಿಸಬೇಡಿ. ಗಾತ್ರದಲ್ಲಿ ಐದು ಪಟ್ಟು ಅಂತರವಿದೆ.

ಆರನೆಯ ಹೆಜ್ಜೆ: ಯಾವ ವರ್ಗ ಎಲ್ಲಿಗೆ ಹೋಗಬಲ್ಲದು

ಬಂದರು ಮೊದಲು ಆರಿಸಿದರೆ ಅರ್ಧ ವರ್ಗಗಳು ತಾವಾಗಿಯೇ ಪಟ್ಟಿಯಿಂದ ಹೊರಹೋಗುತ್ತವೆ. ಅಮೆರಿಕದ ಟ್ಯಾಂಪಾ ಬಂದರಿಗೆ ಹೋಗುವ ದಾರಿಯಲ್ಲಿ ಸನ್‌ಶೈನ್ ಸ್ಕೈವೇ ಸೇತುವೆಯಿದೆ. ನೀರಿನಿಂದ ಅದರ ಎತ್ತರ ಸುಮಾರು 55 ಮೀಟರ್. ಅದರಡಿ ನುಸುಳಬಲ್ಲವು ವಿಷನ್, ರೇಡಿಯನ್ಸ್ ವರ್ಗದ ಹಡಗುಗಳು ಮಾತ್ರ. ಓಯಸಿಸ್ ಆಫ್ ದ ಸೀಸ್ 2009ರಲ್ಲಿ ಫಿನ್ಲೆಂಡಿನಿಂದ ಹೊರಬರುವಾಗ ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯಡಿ ಹೊಗೆಕೊಳವೆಗಳನ್ನು ಕೆಳಗಿಳಿಸಿಕೊಂಡು ದಾಟಬೇಕಾಯಿತು. ಪನಾಮಾ ಕಾಲುವೆಯ ಹಳೆಯ ಕಟ್ಟೆಗಳಲ್ಲಿ 32 ಮೀಟರ್ ಚಿಲ್ಲರೆ ಅಗಲದವರೆಗಿನ ಹಡಗಿಗೆ ಮಾತ್ರ ದಾರಿ, ರೇಡಿಯನ್ಸ್ ವರ್ಗವನ್ನು ಆ ಅಳತೆಗೇ ಕಟ್ಟಿದ್ದಾರೆ. ವೆನಿಸ್ ನಗರದ ನಡುವಿನ ಕಾಲುವೆಯಲ್ಲಿ 2021ರ ಆಗಸ್ಟ್‌ನಿಂದ 25,000 ಟನೇಜ್ ಮೀರಿದ ಹಡಗುಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಕರಪತ್ರದಲ್ಲಿ ವೆನಿಸ್ ಎಂದಿದ್ದರೂ ಹಡಗು ನಿಲ್ಲುವುದು ರವೆನ್ನಾದಂಥ ಬೇರೆ ಊರಿನಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಗೂ ಹೆಚ್ಚು ಕೂರಬೇಕು.

ಸ್ಯಾಂಟೊರಿನಿಯಂಥ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ಸಾಗಿಸುತ್ತಾರೆ. 2,000 ಜನರನ್ನು ಇಳಿಸುವುದಕ್ಕೂ 5,000 ಜನರನ್ನು ಇಳಿಸುವುದಕ್ಕೂ ಬೇಕಾಗುವ ಹೊತ್ತು ಊಹಿಸಿಕೊಳ್ಳಿ. ಇಂಥ ಊರುಗಳೇ ಹೆಚ್ಚಿರುವ ಮಾರ್ಗವಾದರೆ ನಾನು ಕಣ್ಣು ಮುಚ್ಚಿ ಚಿಕ್ಕ ವರ್ಗವನ್ನೇ ಹೇಳುತ್ತೇನೆ.

ಸಿಂಗಪುರದಿಂದ ಇತ್ತೀಚಿನ ವರ್ಷಗಳಲ್ಲಿ ಹೊರಡುತ್ತಿರುವುದು ಹೆಚ್ಚಾಗಿ ಕ್ವಾಂಟಮ್ ಬಳಗದ ಹಡಗುಗಳು. ಹಾಗಾಗಿ ಸಕಲೇಶಪುರದ ನಮ್ಮ ಕುಟುಂಬಕ್ಕೆ ಮೇ ತಿಂಗಳಲ್ಲಿ ಅಲ್ಲಿಂದ ಹೊರಡುವ ಕ್ವಾಂಟಮ್ ಹಡಗು ಇದ್ದರೆ, ಮೊದಲ ಸಲಕ್ಕೆ ಅದರಲ್ಲಿ ನಾಲ್ಕು ರಾತ್ರಿ ಸರಿಯಾದ ಆಯ್ಕೆ: ಮಧ್ಯಾಹ್ನ ಮಳೆ ಬಂದರೂ ಮಕ್ಕಳಿಗೆ ಸೂರಿನಡಿ ಆಟವಿದೆ, ಅಜ್ಜಿಗೆ ಅನ್ನ ಸಾರಿನ ಆಸುಪಾಸಿನ ಊಟವಿದೆ. ಐಕಾನ್, ಓಯಸಿಸ್ ಹತ್ತುವ ಆಸೆಗೆ ಫ್ಲೋರಿಡಾಕ್ಕೇ ಹೋಗುವುದಾದರೆ ಅಮೆರಿಕದ ವೀಸಾ ಬೇಕು. ಮಗನ ಮನೆಗೆ, ಮಗಳ ಬಾಣಂತನಕ್ಕೆ ಹೇಗೂ ಹೋಗುತ್ತಿರುವವರು ಅದಕ್ಕೆ ಒಂದು ವಾರ ಸೇರಿಸಿಕೊಂಡರೆ ಖರ್ಚೂ ಹಗುರ. ವೀಸಾ ಯಾವ ದೇಶದ್ದಾದರೂ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅನುಮತಿಯಿರುವುದೇ ಆಗಬೇಕು. ಹಡಗು ಹತ್ತಿದೊಡನೆ ಆ ದೇಶ ಬಿಟ್ಟಂತೆ, ಮರಳಿ ಇಳಿಯುವಾಗ ಮತ್ತೆ ಪ್ರವೇಶಿಸಿದಂತೆ.

ಏಳನೆಯ ಹೆಜ್ಜೆ: ಡೆಕ್ ನಕ್ಷೆಯ ಮೇಲೆ ಬೆರಳಿಟ್ಟು ನೋಡುವುದು

ವರ್ಗ ಮತ್ತು ಹಡಗು ಗೊತ್ತಾದ ಮೇಲೆ ಡೆಕ್ ನಕ್ಷೆಯನ್ನು ಇಳಿಸಿಕೊಂಡು ದೊಡ್ಡದಾಗಿ ಮುದ್ರಿಸಿ, ಊಟದ ಮೇಜಿನ ಮೇಲೆ ಹರಡಿ. ಏಜೆಂಟರು ಸೂಚಿಸಿದ ಕೋಣೆಯ ಮೇಲೆ ಬೆರಳಿಡಿ. ಈಗ ಅದರ ಮೇಲಿನ ಡೆಕ್‌ನ ಹಾಳೆಯಲ್ಲಿ ಅದೇ ಜಾಗ ನೋಡಿ. ಅಲ್ಲಿ ಈಜುಕೊಳವಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಅಡುಗೆಮನೆಯಿದ್ದರೆ ಗಾಡಿಗಳ ಸದ್ದು. ಕೆಳಗಿನ ಹಾಳೆ ನೋಡಿ. ರಂಗಮಂದಿರ, ನೃತ್ಯದ ಸಭಾಂಗಣ ಇದ್ದರೆ ಮಧ್ಯರಾತ್ರಿಯವರೆಗೆ ದಿಂಬಿಗೆ ಸಂಗೀತ ಬಡಿಯುತ್ತದೆ. ಮೇಲೂ ಕೆಳಗೂ ಕೋಣೆಗಳೇ ಇರುವ ಜಾಗ ಉತ್ತಮ.

ಅಜ್ಜಿಯ ಮಂಡಿನೋವಿಗೆ ಉತ್ತರ ಸಿಗುವುದೂ ಇಲ್ಲೇ. ಕ್ವಾಂಟಮ್ ಹಡಗಿನ ಉದ್ದ 348 ಮೀಟರ್. ಹಿಂದಿನ ತುದಿಯ ಕೋಣೆಯಿಂದ ಮುಂದಿನ ರಂಗಮಂದಿರಕ್ಕೆ ಹೋಗಿಬರುವುದೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ನಡಿಗೆ. ಕೋಣೆಯಿಂದ ಲಿಫ್ಟಿನವರೆಗೆ ನಡುವೆ ಎಷ್ಟು ಬಾಗಿಲುಗಳಿವೆ ಎಂದು ನಕ್ಷೆಯಲ್ಲೇ ಎಣಿಸಿ. ರೇಡಿಯನ್ಸ್ ವರ್ಗದಲ್ಲಿ ನಡಿಗೆ ತಾನಾಗಿಯೇ ಕಡಿಮೆ, ಅದರ ಉದ್ದ 293 ಮೀಟರ್.

ಘಾಟಿಯಲ್ಲಿ ತಲೆ ತಿರುಗುವವರಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕೋಣೆ ಹಿಡಿಯಿರಿ. ಹಡಗು ಮುಂದಕ್ಕೆ ಹಿಂದಕ್ಕೆ ತೂಗುವಾಗ ಕಡಿಮೆ ಅಲುಗುವುದು ನಡುಭಾಗ, ಅಡ್ಡಕ್ಕೆ ವಾಲುವಾಗ ಕಡಿಮೆ ಅಲುಗುವುದು ಕೆಳಭಾಗ. ಎಲ್ಲ ವರ್ಗಗಳಿಗೂ ವಾಲಾಟ ತಗ್ಗಿಸುವ ರೆಕ್ಕೆಗಳು ನೀರಿನಡಿ ಇವೆ. ದೊಡ್ಡ ವರ್ಗಗಳಲ್ಲಿ ಅಲುಗಾಟ ಇನ್ನೂ ಕಡಿಮೆ. ಚಾರ್ಮಾಡಿ ದಾಟುವಾಗ ತೆಗೆದುಕೊಳ್ಳುವ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿ ಇಲ್ಲಿಗೂ ಒಯ್ಯಿರಿ.

ಕೊನೆಗೆ ದರ

ಎರಡು ವರ್ಗಗಳ ದರ ಹೋಲಿಸುವಾಗ ರಾತ್ರಿಗಳ ಸಂಖ್ಯೆ, ಕೋಣೆಯ ಬಗೆ, ತಿಂಗಳು ಮೂರೂ ಒಂದೇ ಇರಬೇಕು. ಒಟ್ಟು ಮೊತ್ತವನ್ನು ಜನರಿಂದಲೂ ರಾತ್ರಿಗಳಿಂದಲೂ ಭಾಗಿಸಿ, ತಲೆಗೆ ರಾತ್ರಿಗೆ ಎಷ್ಟು ಎಂಬುದನ್ನು ಹಾಳೆಯ ಕೊನೆಯ ಕಾಲಂನಲ್ಲಿ ಬರೆಯಿರಿ. ಬಂದರು ತೆರಿಗೆ, ಟಿ.ಸಿ.ಎಸ್. (ವಿದೇಶ ಪ್ರವಾಸಕ್ಕೆ ಹಣ ಕಟ್ಟುವಾಗಲೇ ಹಿಡಿಯುವ ತೆರಿಗೆ), ಸಿಬ್ಬಂದಿಗೆ ಕೊಡುವ ದಿನದ ಭಕ್ಷೀಸು ಸೇರಿದೆಯೇ ಎಂದು ಕೇಳಿ. ಭಕ್ಷೀಸು ತಲೆಗೆ ದಿನಕ್ಕೆ 18 ಡಾಲರಿನ ಆಸುಪಾಸು ಬೀಳುತ್ತದೆ, ಆರು ಜನರ ಕುಟುಂಬಕ್ಕೆ ನಾಲ್ಕು ರಾತ್ರಿಗೆ ನಾನೂರು ಡಾಲರ್ ದಾಟುತ್ತದೆ. ಹೊಸ ವರ್ಗದ ಒಳಕೋಣೆಯೂ ಹಳೆಯ ವರ್ಗದ ಬಾಲ್ಕನಿಯೂ ಒಂದೇ ದರಕ್ಕೆ ಬಂದು ನಿಲ್ಲುವುದು ಅಪರೂಪವಲ್ಲ. ಮಕ್ಕಳಿದ್ದರೆ ಹೊಸ ವರ್ಗದ ಒಳಕೋಣೆ, ಹಿರಿಯ ದಂಪತಿಯಾದರೆ ಹಳೆಯ ವರ್ಗದ ಬಾಲ್ಕನಿ ಎಂದು ನಾನು ಹೇಳುತ್ತೇನೆ.

ಮುಂಗಡ ಕೊಡುವಾಗ ಹಡಗಿನ ಪೂರ್ಣ ಹೆಸರು, ಹೊರಡುವ ದಿನಾಂಕ, ಡೆಕ್ ಸಂಖ್ಯೆ, ಕೋಣೆ ಸಂಖ್ಯೆ, ಕಿಟಕಿ ಯಾವ ಕಡೆಗೆ ಎಂಬ ಐದನ್ನೂ ರಸೀದಿಯಲ್ಲೇ ಬರೆಸಿಕೊಳ್ಳಿ. ‘ಹಡಗು ಬದಲಾದರೆ ಅದೇ ವರ್ಗದ ಇನ್ನೊಂದು, ಇಲ್ಲವಾದರೆ ಹಣ ವಾಪಸ್’ ಎಂಬ ಸಾಲು ಸೇರಿಸಲು ಏಜೆಂಟರು ಒಪ್ಪುತ್ತಾರೆಯೇ ಕೇಳಿ ನೋಡಿ. ಒಪ್ಪದಿದ್ದರೆ, ಹಡಗು ಬದಲಾದಾಗ ಕಂಪನಿಯ ನಿಯಮ ಏನು ಹೇಳುತ್ತದೆ ಎಂಬುದನ್ನಾದರೂ ಲಿಖಿತವಾಗಿ ಪಡೆದು ಆಮೇಲೆ ಹಣ ಕಟ್ಟಿ.